ಗುಡಿಗೊಂದು ಬ್ರೇಕು

ಗಂಗಾಂಬಿಕೆಯ ಡ್ರೈವಿಂಗ್ ಲೈಸೆನ್ಸಿಗೆ ನುಸಿಗುಳಿಗೆಯ ವಾಸನೆ ಹತ್ತಿ ನಾಲ್ಕು ವರ್ಷವಾಗಿತ್ತು. ಅರಕಲಗೂಡಿನಿಂದ ಹಾಸನದ ಡ್ರೈವಿಂಗ್ ಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಪರೀಕ್ಷೆಯ ಮೈದಾನದಲ್ಲಿ ಮೊದಲ ಸಲಕ್ಕೇ ಎಂಟು ಹಾಕಿ, ಇನ್‌ಸ್ಪೆಕ್ಟರ ಬಾಯಲ್ಲಿ ‘ಗುಡ್ ಅಮ್ಮಾ’ ಅನ್ನಿಸಿಕೊಂಡು ತಂದ ಲೈಸೆನ್ಸು ಅದು. ತಂದ ದಿನ ಮನೆಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು, ಫೋಟೋದಲ್ಲಿ ಮೂಗು ದಪ್ಪ ಬಂದಿದೆ ಎಂದು ತೀರ್ಮಾನಿಸಿದರು, ಬೀರುವಿನೊಳಗೆ ಧಾರೆ ಸೀರೆಯ ಮಡಿಕೆಯಲ್ಲಿ ಇಟ್ಟು ಬಾಗಿಲು ಹಾಕಿದರು. ಅಲ್ಲಿಂದ ಅದು ಹೊರಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುವುದಕ್ಕೆ. (ಕತ್ತರಿ, ಈಳಿಗೆಮಣೆ, ತಕ್ಕಡಿಗಳ ಸಾಲಿನಲ್ಲಿ ಅದೂ ಒಂದು ಆಯುಧ. ಉಳಿದವನ್ನು ಮಾರನೆಯ ದಿನ ಬಳಸುತ್ತಿದ್ದರು, ಅಷ್ಟೇ ವ್ಯತ್ಯಾಸ.)

ಇಷ್ಟಕ್ಕೆಲ್ಲ ಕಾರಣ ಅವಳ ಗಂಡ ಸಿದ್ದೇಶ್ವರ. ಪೇಟೆ ಬೀದಿಯಲ್ಲಿ ಅವನದು ಸ್ಟೀಲ್ ಪಾತ್ರೆ ಅಂಗಡಿ. ಮನುಷ್ಯ ಧಾರಾಳಿ. ಕುಕ್ಕರ್ ಕೊಂಡವರಿಗೆ ಸೌಟು ಕೊಡುತ್ತಾನೆ, ಸೌಟು ಕೊಂಡವರಿಗೆ ಕಾಫಿ ಕೊಡುತ್ತಾನೆ. ಏನೂ ಕೊಳ್ಳದವರಿಗೆ ಕೂಡ ಒಂದು ಗಂಟೆ ಮಾತು ಕೊಡುತ್ತಾನೆ. ಆದರೆ ಕಾರಿನ ಕೀ ಮಾತ್ರ ಕೊಡುವವನಲ್ಲ. ಎದೆಯ ಮೇಲೆ ಲಿಂಗ, ಅದರ ಮಗ್ಗುಲಿನ ಜೇಬಿನಲ್ಲಿ ಕೀ. ಸ್ನಾನಕ್ಕೆ ಹೋದಾಗ ಗೂಟಕ್ಕೆ ಅಂಗಿ ನೇತುಹಾಕಿದರೂ ಕೀ ಬಚ್ಚಲಿನೊಳಗೆ ಸೋಪಿನ ಡಬ್ಬಿಯ ಪಕ್ಕದಲ್ಲಿ ಇರುತ್ತಿತ್ತು.

“ಒಂದ್ಸಲ ಕೊಟ್ಟು ನೋಡಿ” ಎಂದು ಗಂಗಾಂಬಿಕೆ ಕೇಳಿದರೆ, “ಕಾರು ಅಂದ್ರೆ ಏನಂದ್ಕಂಡೆ? ಗೇರ್ ಹಾಕೋದು ಸಾರಿಗೆ ಸೌಟು ಹಾಕಿದಂಗಲ್ಲ ಕಣೇ” ಅನ್ನುತ್ತಿದ್ದ. ಅವಳು ಬಿಡುತ್ತಿರಲಿಲ್ಲ. “ಸಾರಿಗೆ ಸೌಟು ಹಾಕೋದು ಅಷ್ಟು ಸಲೀಸಾ? ನೀವು ಹಾಕಿದ ದಿನ ಒಲೆ, ಗೋಡೆ, ಬೆಕ್ಕು ಎಲ್ಲ ತೊಳೀಬೇಕಾಯ್ತಲ್ಲ?”

ಇದನ್ನಾದರೂ ಅವಳು ಸಹಿಸಿಕೊಂಡಾಳು. ಸಹಿಸಲಾಗದ್ದು ತಮ್ಮನ ಹೆಂಡತಿ ಸರ್ವಮಂಗಳೆಯ ಮಾತು. ಚನ್ನರಾಯಪಟ್ಟಣದ ತವರಿಗೆ ಹೋದಾಗಲೆಲ್ಲ, ಹಿಂದಿನ ಸೀಟಿನಿಂದ ಮೂಟೆಯ ಹಾಗೆ ಇಳಿಯುವ ಅತ್ತಿಗೆಯನ್ನು ನೋಡಿ ಆಕೆ ನಗುತ್ತಿದ್ದಳು. “ಅತ್ತಿಗೆ, ಆ ಲೈಸೆನ್ಸಿಗೊಂದು ಫ್ರೇಮ್ ಹಾಕ್ಸಿ ಗೋಡೆಗೆ ತೂಗಾಕ್ಬುಡಿ. ಸೀನರಿ ಇದ್ದಂಗೆ ಇರ್ತದೆ.” ಆ ಮಾತು ಗಂಗಾಂಬಿಕೆಯ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. (ಅವರ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಆದರೂ ಮುಳ್ಳು ನಿಂತಿತ್ತು.) ತಮ್ಮ ನಂಜುಂಡ ಹೊಸ ಮನೆ ಕಟ್ಟಿಸಿದ್ದ, ಬರುವ ತಿಂಗಳು ಗೃಹಪ್ರವೇಶ. ಆ ಬೀದಿಗೆ ತಾನೇ ಕಾರು ಓಡಿಸಿಕೊಂಡು ಹೋಗಬೇಕು, ಸರ್ವಮಂಗಳೆಯ ಬಾಗಿಲಲ್ಲಿ ಹಾರ್ನ್ ಹೊಡೆಯಬೇಕು ಎಂದು ಗಂಗಾಂಬಿಕೆ ಒಲೆಯ ಮುಂದೆ ನಿಂತು ಪಣ ತೊಟ್ಟಳು. ಪಣ ತೊಟ್ಟರೆ ಸಾಕೆ, ಕೀ ಬೇಕಲ್ಲ.

ಆ ಕೀ ಅವಳತ್ತ ಒಂದು ಹೆಜ್ಜೆ ಬಂದದ್ದು ಕಾರಿನ ವಿಮೆ ಮುಗಿಯುವ ಹೊತ್ತಿಗೆ. ಸಿದ್ದೇಶ್ವರನ ಅಣ್ಣನ ಮಗಳು ತೇಜಶ್ರೀ ಹಾಸನದಲ್ಲಿ ‘ಅಭಯಹಸ್ತ’ ಎಂಬ ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಒಂದು ಭಾನುವಾರ ಬಂದು ಜಗುಲಿಯ ಮೇಲೆ ಕೂತು, ಈ ವರ್ಷದ ಕಂತು ಇಷ್ಟು ಎಂದಳು. ಸಿದ್ದೇಶ್ವರ ಬಾಯಿಗೆ ಹೋಗುತ್ತಿದ್ದ ಕಾಫಿ ಲೋಟವನ್ನು ಅಲ್ಲೇ ನಿಲ್ಲಿಸಿದ.

“ಇದೇನಮ್ಮಾ, ಹೋದ ವರ್ಷಕ್ಕೆ ಹೆಚ್ಚೂ ಕಮ್ಮಿ ಎರಡರಷ್ಟು? ನಾನೇನು ವಿಮಾನ ಓಡಿಸ್ತಿದೀನಾ?”

“ಚಿಕ್ಕಪ್ಪ, ಕ್ಲೇಮ್ ಮಾಡದೆ ಇರೋರಿಗೆ ವರ್ಷ ವರ್ಷ ಬೋನಸ್ ಏರ್ತಾ ಹೋಗ್ತದೆ, ಕಂತು ಇಳೀತಾ ಹೋಗ್ತದೆ. ನೀವು ಒಂದೇ ವರ್ಷದಲ್ಲಿ ಎರಡು ಕ್ಲೇಮ್ ಮಾಡಿದ್ರಿ. ಇದ್ದ ಬೋನಸ್ಸೆಲ್ಲ ಸೊನ್ನೆ ಆಯ್ತು.”

“ಎರಡ್ರಲ್ಲೂ ತಪ್ಪು ನಂದಲ್ಲ. ಹಾಲಿನ ವ್ಯಾನಿನೋನು ಹಿಂದಿಂದ ಬಂದು ಗುದ್ದಿದ.”

“ಇನ್ನೊಂದು?”

“ಅದು... ಅರಳೀಕಟ್ಟೆ ಅಡ್ಡ ಬಂತು.”

ಅರಳೀಕಟ್ಟೆ ಯಾವ ಕಡೆಯಿಂದ ಬಂತು ಎಂದು ತೇಜಶ್ರೀ ಕೇಳಲಿಲ್ಲ, ಮರ್ಯಾದಸ್ಥ ಹುಡುಗಿ. “ಅದರ ಮೇಲೆ ಚಲನ್ನುಗಳು ಬೇರೆ ಇವೆ” ಎಂದು ಫೋನು ತೆರೆದು ತೋರಿಸಿದಳು. ಸಿಗ್ನಲ್ ದಾಟಿದ್ದು, ಮತ್ತೆ ಸಿಗ್ನಲ್ ದಾಟಿದ್ದು, ಬೆಲ್ಟ್ ಹಾಕದ್ದು. “ನಮ್ಮ ಕಂಪನೀಲಿ ಒಂದು ಹೊಸ ಸ್ಕೀಮ್ ಬಂದದೆ. ಕಾರಿಗೆ ಒಬ್ಬರನ್ನ ಮುಖ್ಯ ಚಾಲಕರು ಅಂತ ಹೆಸರಿಸಬೇಕು. ಫೋನಲ್ಲಿ ಒಂದು ಆ್ಯಪ್ ಹಾಕ್ಕೊಡ್ತೀನಿ. ಅವರು ಹೆಂಗೆ ಓಡಿಸ್ತಾರೆ, ಎಲ್ಲಿ ಗಕ್ಕನೆ ಬ್ರೇಕ್ ಹಾಕ್ತಾರೆ, ಎಲ್ಲಿ ವಾಲಾಡ್ತಾರೆ, ಚಲನ್ ಬಿತ್ತಾ, ಎಲ್ಲ ನೋಡಿ ನೂರಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡ್ತದೆ. ಒಂದು ತಿಂಗಳು ಚೆನ್ನಾಗಿ ಓಡ್ಸಿದ್ರೆ ಕಂತಿನಲ್ಲಿ ದೊಡ್ಡ ರಿಯಾಯಿತಿ.”

“ಅಂದ್ರೆ ನಡತೆ ನೋಡ್ತಾರೆ. ನನ್ನ ನಡತೆ ಪೇಟೆ ಬೀದೀಲಿ ಯಾರನ್ನಾದ್ರೂ ಕೇಳ್ಲಿ.”

“ಜನರನ್ನ ಕೇಳಲ್ಲ ಚಿಕ್ಕಪ್ಪ, ಫೋನನ್ನ ಕೇಳ್ತಾರೆ.”

ಗಂಗಾಂಬಿಕೆ ಬಾಗಿಲ ಬಳಿ ನಿಂತಿದ್ದಳು. “ನನ್ನ ಹತ್ರಾನೂ ಲೈಸೆನ್ಸ್ ಇದೆ” ಎಂದಳು. ದನಿ ಮೆಲ್ಲಗಿತ್ತು, ಆದರೆ ಎಲ್ಲರೂ ತಿರುಗಿ ನೋಡಿದರು.

ಸಿದ್ದೇಶ್ವರ ನಗುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನ ತಾಯಿ ಗುರುಸಿದ್ದಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿತು. ಆ ಮನೆಯಲ್ಲಿ ಅಜ್ಜಿ ಕೈಕೆಲಸ ನಿಲ್ಲಿಸಿತೆಂದರೆ ಸರ್ವೋಚ್ಚ ನ್ಯಾಯಾಲಯ ಕೂತಿತು ಎಂದೇ ಅರ್ಥ.

“ಅದ್ಯಾಕ್ಲಾ ಕಿತ್ತಾಡೀರಿ? ಒಂದಿನ ನೀನು ಓಡ್ಸು, ಒಂದಿನ ಅವ್ಳು ಓಡಿಸ್ಲಿ. ತಿಂಗ್ಳು ತುಂಬ್ದಾಗ ಯಾರ್ಗೆ ಮಾರ್ಕ್ಸು ಜಾಸ್ತಿ ಬತ್ತದೋ ಅವ್ರ ಕೈಗೆ ಕೀ. ಸೋತೋರು ಇಂದ್ಲ ಸೀಟ್ನಾಗೆ ಬಾಯ್ಮುಚ್ಕಂಡು ಕೂತ್ಕಳದು.”

“ಅವ್ವಾ, ಇದು ಮುದ್ದೆ ತಿರುವೋ ಕೆಲಸ ಅಲ್ಲ.”

“ಮುದ್ದೆ ತಿರುವಿ ನೋಡಿ ಒಂದಿನ” ಎಂದಳು ಗಂಗಾಂಬಿಕೆ. “ಆಮೇಲೆ ಸ್ಟೀರಿಂಗ್ ತಿರುವೋದು ಹೂವು ಎತ್ತಿದಂಗೆ ಆಗ್ತದೆ.”

ಸ್ಪರ್ಧೆಯ ಮೊದಲ ದಿನ ಸಿದ್ದೇಶ್ವರನದು. ಹಾಸನಕ್ಕೆ ಸರಕು ತರಲು ಹೊರಟಾಗ ಗಂಗಾಂಬಿಕೆಯೂ ಹಿಂದೆ ಕೂತಳು. ಸಾಕ್ಷಿ ಬೇಕಲ್ಲ. ಗಂಡನ ಕಾರಿನಲ್ಲಿ ಅವಳು ಎಂದೂ ರಸ್ತೆ ನೋಡಿದವಳಲ್ಲ. ಗೊರೂರು ಬರುವ ಮೊದಲೇ ಅವಳಿಗೆ ಜೊಂಪು ಹತ್ತುತ್ತಿತ್ತು. ಆಗಾಗ ಕಾರು ಗಕ್ಕನೆ ತಡೆಯುವುದು, ಹಾರ್ನು ಎರಡು ಸಲ ಕೂಗುವುದು, ಒಂದಿಷ್ಟು ಓಲಾಡಿ ಮುಂದೆ ಹೋಗುವುದು, ಇವೆಲ್ಲ ಮದುವೆಯಾದ ಹೊಸದರಲ್ಲಿ ಗಂಡನ ಗೊರಕೆಗೆ ಒಗ್ಗಿಕೊಂಡ ಹಾಗೆ ಅವಳಿಗೆ ಒಗ್ಗಿಹೋಗಿತ್ತು. ಸಂಜೆ ಮನೆಗೆ ಬಂದು ನೋಡಿದರೆ ಆ್ಯಪು ನಲವತ್ತೊಂದು ಎಂದಿತು.

ಸಿದ್ದೇಶ್ವರ ಎದೆಗುಂದಲಿಲ್ಲ. “ಮೂವತ್ತೈದಕ್ಕೆ ಪಾಸು. ನಂದು ಪಾಸಾಯ್ತಲ್ಲ?” (ಎಸ್ಸೆಸ್ಸೆಲ್ಸಿಯಲ್ಲೂ ಅವನದು ಇದೇ ವಾದವಾಗಿತ್ತಂತೆ.)

ಮಾರನೆಯ ದಿನ ಲೈಸೆನ್ಸು ಬೀರುವಿನಿಂದ ಇಳಿಯಿತು. ಗಂಗಾಂಬಿಕೆ ಚಾಲಕರ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಂಡದ್ದೇ ತಡ, ಎದುರು ಮನೆಯ ಸುಬ್ಬಮ್ಮ ಜಗುಲಿಯ ಮೇಲೆ ಆಡುತ್ತಿದ್ದ ಮೊಮ್ಮಗನನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಪಕ್ಕದ ಸೀಟಿನಲ್ಲಿ ಗುರುಸಿದ್ದಮ್ಮ ತೀರ್ಥಯಾತ್ರೆಗೆ ಹೊರಟ ಗಾಂಭೀರ್ಯದಲ್ಲಿ ಕೂತಿತು. ಹಿಂದೆ ಸಿದ್ದೇಶ್ವರ. ಅವನ ಬಾಯಿಗೆ ಮಾತ್ರ ಆ ದಿನ ಬ್ರೇಕೇ ಇರಲಿಲ್ಲ.

“ಲಾರಿ! ಲಾರಿ!”

“ಅದು ನಿಂತಿರೋ ಲಾರಿ ಕಣ್ರೀ.”

“ನಿಂತಿರೋದು ಹೊರಟ್ರೆ?”

“ಅದರೊಳಗೆ ಡ್ರೈವರೇ ಇಲ್ಲ.”

“ಡ್ರೈವರ್ ಬಂದ್ಬುಟ್ರೆ?”

“ಲೇ ಸಿದ್ದಾ,” ಎಂದಿತು ಅಜ್ಜಿ ತಿರುಗದೆಯೇ, “ನಿನ್ನ ಕಾಲ್ನ ನನ್ನ ಸೀಟ್ಗೆ ಒತ್ತದ ಬುಡ್ಲಾ. ಅಲ್ಲಿ ಬ್ರೇಕ್ ಇಲ್ಲ, ನನ್ನ ಬೆನ್ನದೆ.”

ಗಂಗಾಂಬಿಕೆಗೆ ಮೊದಲ ಒಂದು ಮೈಲಿ ಕೈ ಬೆವರಿತು. ಆಮೇಲೆ ಬೆವರಲಿಲ್ಲ. ಇಪ್ಪತ್ತೆರಡು ವರ್ಷ ಹಾಲು ಉಕ್ಕುವ ಮುಂಚೆ ಒಲೆ ತಗ್ಗಿಸಿದವಳಿಗೆ, ಮುಂದೆ ದನ ಬರುವ ಮುಂಚೆ ಕಾಲು ತಗ್ಗಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಗೊರೂರಿನ ಸೇತುವೆಯ ಮೇಲೆ ಹೇಮಾವತಿಯ ಗಾಳಿ ಕಿಟಕಿಯಿಂದ ನುಗ್ಗಿದಾಗ ಅವಳಿಗೆ ಜೋರಾಗಿ ನಗಬೇಕೆನಿಸಿತು. ನಕ್ಕರೆ ಮಾರ್ಕ್ಸು ಹೋದೀತೆಂದು ನಗಲಿಲ್ಲ. ಸಂಜೆ ಆ್ಯಪು ಎಂಬತ್ತೊಂಬತ್ತು ಎಂದಿತು. ಅದನ್ನು ಅವಳು ಅಡುಗೆಮನೆಯಲ್ಲಿ ಒಮ್ಮೆ, ದೇವರ ಕೋಣೆಯಲ್ಲಿ ಒಮ್ಮೆ, ಮಲಗುವ ಮುಂಚೆ ಗಂಡನಿಗೆ ಕೇಳುವ ಹಾಗೆ ಒಮ್ಮೆ ಓದಿಕೊಂಡಳು.

ದಿನಗಳು ಕಳೆದವು. ಅವಳದು ತೊಂಬತ್ತರ ಮೇಲೆ ಹತ್ತಿ ಅಲ್ಲೇ ಮನೆ ಮಾಡಿತು. ಅವನದು ನಲವತ್ತರ ಆಸುಪಾಸಿನಲ್ಲಿ ಬೀದಿನಾಯಿಯಂತೆ ಸುತ್ತುತ್ತಿತ್ತು. ಸಿದ್ದೇಶ್ವರ ಗುಂಡಿಗಳನ್ನು ಬೈದ, ಪಿಡಬ್ಲ್ಯುಡಿಯನ್ನು ಬೈದ, ಫೋನು ಚೀನಾದ್ದೆಂದು ಬೈದ. ಕೊನೆಗೆ ತೇಜಶ್ರೀಗೆ ಫೋನು ಮಾಡಿ, “ನಿಮ್ಮ ಕಂಪನೀಲಿ ಹೆಂಗಸರಿಗೆ ಮೀಸಲಾತಿ ಉಂಟೇನಮ್ಮಾ?” ಎಂದು ಕೇಳಿದ.

ಪಾಪ, ಹುಡುಗಿ ಮುಂದಿನ ಭಾನುವಾರ ಮತ್ತೆ ಬಂದಳು. ಆ್ಯಪಿನೊಳಗೆ ಇನ್ನೊಂದು ಬಾಗಿಲು ತೆರೆದು ನಕ್ಷೆ ತೋರಿಸಿದಳು. ಗಕ್ಕನೆ ಬ್ರೇಕ್ ಹಾಕಿದ ಕಡೆ ಕೆಂಪು ಬೊಟ್ಟು, ಕಾರು ವಾಲಾಡಿದ ಕಡೆ ಹಳದಿ ಬೊಟ್ಟು. ಗಂಗಾಂಬಿಕೆಯ ನಕ್ಷೆ ಸಾರಿಸಿದ ಅಂಗಳದಂತೆ ಶುಭ್ರವಾಗಿತ್ತು. ಸಿದ್ದೇಶ್ವರನ ನಕ್ಷೆಯಲ್ಲಿ ಅರಕಲಗೂಡಿನಿಂದ ಹಾಸನದವರೆಗೆ ಜೋಡಿ ಜೋಡಿಯಾಗಿ ಕೆಂಪು ಹಳದಿ, ಕೆಂಪು ಹಳದಿ. ದಾರಿಯುದ್ದಕ್ಕೂ ಯಾರೋ ಅರಿಸಿನ ಕುಂಕುಮ ಎರಚಿಕೊಂಡು ಹೋದಂತಿತ್ತು.

“ಇಲ್ಲಿ ಏನಿದೆ ಚಿಕ್ಕಪ್ಪ? ದಿನಾ ಇದೇ ಜಾಗದಲ್ಲಿ ಬ್ರೇಕ್ ಹಾಕಿದೀರಲ್ಲ?”

“ಅದಾ? ಮಾರಮ್ಮನ ಗುಡಿ.”

“ಇಲ್ಲಿ?”

“ಬಸವಣ್ಣ.”

“ಇಲ್ಲಿ ಬರೀ ಹೊಲ ಇದ್ದಂಗಿದೆ?”

“ಹೊಲದೊಳಗೆ ಚೌಡಮ್ಮ ಅವ್ಳೆ. ಸಣ್ಣ ಗುಡಿ, ನಿಂಗೆ ಕಾಣಲ್ಲ.”

ಗಂಗಾಂಬಿಕೆಗೆ ಥಟ್ಟನೆ ಎಲ್ಲ ಬೆಳಕಾಯಿತು. ಇಷ್ಟು ವರ್ಷ ಅವಳು ಜೊಂಪಿನಲ್ಲಿ ಅನುಭವಿಸುತ್ತಿದ್ದ ಆ ಗಕ್ಕು, ಆ ಎರಡು ಹಾರ್ನು, ಆ ಓಲಾಟ, ಎಲ್ಲವೂ ಭಕ್ತಿ! ಗುಡಿ ಕಂಡ ಕೂಡಲೆ ಸಿದ್ದೇಶ್ವರನ ಬಲಗಾಲು ಬ್ರೇಕಿಗೆ ಬೀಳುತ್ತದೆ, ಹಾರ್ನು ಗಂಟೆಯ ಬದಲಿಗೆ ಎರಡು ಸಲ ಮೊಳಗುತ್ತದೆ, ಆಮೇಲೆ ಎರಡೂ ಕೈ ಸ್ಟೀರಿಂಗ್ ಬಿಟ್ಟು ಜೋಡಿಸಿಕೊಳ್ಳುತ್ತವೆ, ಕೆನ್ನೆ ಮುಟ್ಟುತ್ತವೆ, ಎದೆ ಮುಟ್ಟುತ್ತವೆ. ಅಷ್ಟು ಹೊತ್ತು ಕಾರನ್ನು ದೇವರೇ ಓಡಿಸಬೇಕು. ಹಾಲಿನ ವ್ಯಾನು ಗುದ್ದಿದ್ದು ಆಂಜನೇಯನ ಮುಂದೆ. ಅಡ್ಡ ಬಂದ ಅರಳೀಕಟ್ಟೆಯ ಮೇಲೆ ನಾಗರಕಲ್ಲುಗಳಿದ್ದವು. ಸಿಗ್ನಲ್ಲಿನ ಚಲನ್ ಫೋಟೋವನ್ನು ತೇಜಶ್ರೀ ದೊಡ್ಡದು ಮಾಡಿದಾಗ ಅದರಲ್ಲಿ ಸಿದ್ದೇಶ್ವರ ಕಣ್ಣು ಮುಚ್ಚಿ, ಕೈ ಮುಗಿದು, ಪರಮಶಾಂತಿಯಲ್ಲಿ ಕೆಂಪು ದೀಪ ದಾಟುತ್ತಿದ್ದ.

“ಇದು ಹಾಸನಾಂಬೆ ಗುಡಿ ರಸ್ತೆ” ಎಂದಳು ತೇಜಶ್ರೀ ಇನ್ನೊಂದು ಬೊಟ್ಟು ಮುಟ್ಟಿ. “ಆ ಬಾಗಿಲು ತೆಗೆಯೋದೇ ವರ್ಷಕ್ಕೊಂದ್ಸಲ ಚಿಕ್ಕಪ್ಪ!”

“ಬಾಗ್ಲು ಮುಚ್ಚಿದ್ರೆ ಅಮ್ಮ ಒಳಗಿರಲ್ವಾ?”

ಗುರುಸಿದ್ದಮ್ಮ ಮತ್ತೆ ಅವರೆಕಾಯಿ ನಿಲ್ಲಿಸಿತು. “ಅಲ್ಲ ಕಣ್ಲಾ, ಎದೆ ಮ್ಯಾಲೆ ಲಿಂಗ ಕಟ್ಕಂಡಿದೀಯ. ದೇವ್ರು ನಿನ್ ಜತೇಲೆ ಕಾರ್ನಾಗೆ ಕೂತವ್ನೆ. ಅವುನ್ನ ಒಳಗೆ ಕುಕ್ಕುರಿಸ್ಕಂಡು ದಾರೀಲಿರೋರ್ಗೆಲ್ಲ ಬ್ರೇಕ್ ಆಕಿದ್ರೆ ಅವುನ್ಗೆ ಬೇಜಾರಾಗಲ್ವಾ?”

ಸಿದ್ದೇಶ್ವರ ಎದೆಯ ಮೇಲಿನ ಲಿಂಗವನ್ನು ಮುಟ್ಟಿ ನೋಡಿಕೊಂಡ. ಅಂಗಡಿಗೆ ಹೋಗುವಾಗ ಮಾತ್ರ, “ತಿಂಗಳು ಮುಗೀಲಿಲ್ಲ ಇನ್ನೂ” ಎಂದು ಗೊಣಗಿದ.

ಕೊನೆಯ ವಾರದ ಓಟಕ್ಕೆ ಹೆಚ್ಚು ತೂಕವೆಂದು ತೇಜಶ್ರೀ ಹೇಳಿದ್ದಳು, ಆ ವಾರ ಅವನು ಹೊಸ ಉಪಾಯ ಹೂಡಿದ. ಕಾರು ಹತ್ತುವಾಗ ಹೆಂಡತಿಯನ್ನು ಮುಂದೆ ಕೂರಿಸಿಕೊಂಡು ಹೇಳಿದ: “ನೋಡು, ಗುಡಿ ಬಂದ್ರೆ ನಾನು ಮುಂದೆ ನೋಡ್ತೀನಿ. ನನ್ನ ಪರವಾಗಿ ನೀನು ಮುಗಿ.”

“ಪರವಾಗಿ ಮುಗಿದ್ರೆ ನಡೀತದಾ? ನನ್ನ ಪರವಾಗಿ ನೀವು ಉಂಡ್ರೆ ನಂಗೆ ಹೊಟ್ಟೆ ತುಂಬ್ತದಾ?”

“ಗಂಡನ ಪುಣ್ಯದಲ್ಲಿ ಹೆಂಡ್ತಿಗೆ ಅರ್ಧ ಅಂತಾರಲ್ಲ, ಹೆಂಡ್ತಿ ಪುಣ್ಯದಲ್ಲಿ ಗಂಡಂಗೂ ಒಂದು ಕಾಲು ಭಾಗ ಬರ್ಲಿ. ಮುಗಿ.”

ಅವಳು ಮುಗಿದಳು. ಮೋಸ ಮಾಡಲಿಲ್ಲ. ಮಾರಮ್ಮನಿಗೆ ಮುಗಿದಳು, ಬಸವಣ್ಣನಿಗೆ ಮುಗಿದಳು, ಹೊಲದೊಳಗಿನ ಚೌಡಮ್ಮನನ್ನೂ ಹುಡುಕಿ ಮುಗಿದಳು. ಸಿದ್ದೇಶ್ವರ ಹಲ್ಲು ಕಚ್ಚಿ, ಸ್ಟೀರಿಂಗನ್ನು ಕಳ್ಳನ ಕೊರಳಪಟ್ಟಿ ಹಿಡಿದ ಹಾಗೆ ಹಿಡಿದು, ಒಂದೂ ಗಕ್ಕಿಲ್ಲದೆ ಓಡಿಸಿದ. ಗಂಗಾಂಬಿಕೆಗೆ ನಿಜಕ್ಕೂ ಭಯವಾಯಿತು. ಹೀಗೇ ವಾರವಿಡೀ ಓಡಿಸಿದರೆ? ಗೃಹಪ್ರವೇಶಕ್ಕೆ ಮತ್ತೆ ಹಿಂದಿನ ಸೀಟು, ಮತ್ತೆ ಮೂಟೆ, ಮತ್ತೆ ಸರ್ವಮಂಗಳೆಯ ನಗು.

ರಸ್ತೆಯ ತಿರುವಿನಲ್ಲಿ ಆಂಜನೇಯನ ಗುಡಿ ಬಂತು. ಆಂಜನೇಯನನ್ನೂ ಅವನು ಹಾಗೇ ದಾಟಿದ. ದಾಟಿ ಸ್ವಲ್ಪ ದೂರ ಹೋದ ಮೇಲೆ ಹಣೆಯಲ್ಲಿ ಬೆವರು ಮೂಡಿತು. ಇನ್ನಷ್ಟು ದೂರ ಹೋದ ಮೇಲೆ ತುಟಿ ನಡುಗಿತು.

“ಏನಾಯ್ತ್ರೀ? ಸಕ್ಕರೆ ಇಳೀತಾ?”

“ಅಪ್ಪ ಸೈಕಲ್ಲಿನ ಮುಂದಿನ ಕಂಬಿ ಮೇಲೆ ಕೂರಿಸ್ಕಂಡು ಬರ್ತಿದ್ದಾಗ, ಇಲ್ಲಿ ಇಳಿಸಿ, ‘ಮುಗಿ ಮಗಾ’ ಅಂತಿದ್ದ” ಎಂದ ಸಿದ್ದೇಶ್ವರ. “ಅವತ್ತಿಂದ ಒಂದು ದಿನಾನೂ ತಪ್ಪಿಸಿಲ್ಲ ಕಣೇ. ಇವತ್ತು ವಿಮೆ ಕಂತಿಗೋಸ್ಕರ ಮುಖ ತಿರುಗಿಸ್ಕಂಡು ಬಂದ್ಬುಟ್ನಲ್ಲ.”

ಅವಳು ಏನಾದರೂ ಸಮಾಧಾನ ಹೇಳುವುದಕ್ಕೆ ಮುಂಚೆಯೇ ಕಾರು ನಡುರಸ್ತೆಯಲ್ಲಿ ಗಿರ್ರನೆ ತಿರುಗಿತು. ಇಂಡಿಕೇಟರ್ ಇಲ್ಲ, ಕನ್ನಡಿ ಇಲ್ಲ, ಎದುರಿನ ಬಸ್ಸಿನವನ ಶಾಪವೊಂದು ಮಾತ್ರ ಇತ್ತು. ಬಂದ ದಾರಿಯಲ್ಲಿ ಹಾರಿಕೊಂಡು ಹೋಗಿ, ಗುಡಿಯ ಮುಂದೆ ರಸ್ತೆಯ ತಪ್ಪು ಮಗ್ಗುಲಿನಲ್ಲಿ ಕಾರು ನಿಂತಿತು. ನಿಂತದ್ದು ಪೊಲೀಸ್ ಜೀಪಿನ ಮೂತಿಯೆದುರಿಗೆ. ಅವರು ಹುಣಿಸೆಮರದ ನೆರಳಲ್ಲಿ ಇಂಥವರಿಗೇ ಕಾಯುತ್ತಿದ್ದರು.

“ಏನ್ ಸಾ ಇದು, ನಡುರಸ್ತೇಲಿ ಯು-ಟರ್ನ್ ವಡೆದು ರಾಂಗ್ ಸೈಡ್ನಾಗೆ ಬತ್ತಿದೀರಲ್ಲ? ಮನೇಲಿ ಒಲೆ ಆರಿಸದ್ ಮರ್ತ್ ಬಂದ್ರಾ?” ಎಂದ ಜೀಪಿನಿಂದ ಇಳಿದ ಪೊಲೀಸಿನವನು.

“ಇಲ್ಲ ಸಾ. ಆಂಜನೇಯಂಗೆ ಕೈ ಮುಗಿಯೋದು ಬಿಟ್ಟೋಗಿತ್ತು.”

ಪೊಲೀಸಿನವನು ಟೋಪಿ ತೆಗೆದು, ತಾನೂ ಗುಡಿಯ ಕಡೆ ತಿರುಗಿ ಒಂದು ನಮಸ್ಕಾರ ಹಾಕಿ, ಟೋಪಿ ಇಟ್ಟುಕೊಂಡು ಚಲನ್ ಯಂತ್ರ ಹೊರತೆಗೆದ. “ನಾವೂ ಮುಗೀತೀವಿ ಸಾ. ಗಾಡಿ ಎಡಗಡೆ ನಿಲ್ಸಿ, ಇಳಿದು ಮುಗೀತೀವಿ.”

ಆ ದಿನ ಆ್ಯಪು ಇಪ್ಪತ್ತೆಂಟು ಎಂದಿತು. ಎಸ್ಸೆಸ್ಸೆಲ್ಸಿಯ ಲೆಕ್ಕದಲ್ಲೂ ಫೇಲು. ಗಂಗಾಂಬಿಕೆಗೆ ಗೆಲುವು ಕಣ್ಣೆದುರಿಗೇ ಬಂದು ನಿಂತಿತ್ತು, ಆದರೂ ಗಂಡನ ಸಪ್ಪೆ ಮುಖ ನೋಡಿ ಪಾಪ ಅನ್ನಿಸಿತು. ರಾತ್ರಿ ಅವನ ತಟ್ಟೆಗೆ ಹಿತಕಿದ ಅವರೆ ಸಾರನ್ನು ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು. ಹಾಗೆಂದು ಕೀ ಬೇಡವೆನ್ನುವಷ್ಟು ಪಾಪ ಅನ್ನಿಸಲಿಲ್ಲ.

ತಿಂಗಳು ತುಂಬಿತು. ಕಂಪನಿಯ ಕಾಗದದಲ್ಲಿ ‘ಮುಖ್ಯ ಚಾಲಕರು: ಶ್ರೀಮತಿ ಗಂಗಾಂಬಿಕೆ’ ಎಂದು ಅಚ್ಚಾಯಿತು. ಅಂಕ ತೊಂಬತ್ತಾರು. ಕಂತು ಇಳಿಯಿತು. ಸಿದ್ದೇಶ್ವರ ಜೇಬಿನಿಂದ ಕೀ ತೆಗೆದು ಕೊಡಲು ಬಂದಾಗ ಗುರುಸಿದ್ದಮ್ಮ ತಡೆದು, “ಅಂಗಲ್ಲ ಕಣ್ಲಾ. ಮನೆ ಲಕ್ಷ್ಮಿಗೆ ಕೊಡೋದು, ತಟ್ಟೇಲಿ ವೀಳ್ಯದೆಲೆ ಇಟ್ಟು ಕೊಡು” ಎಂದಿತು. ಅವನು ಕೊಟ್ಟ. ಅವಳು ಸೆರಗು ಹೊದ್ದು ಎರಡೂ ಕೈಯಲ್ಲಿ ತೆಗೆದುಕೊಂಡು, ಸೊಂಟದ ಡಾಬಿಗೆ ಸಿಕ್ಕಿಸಿಕೊಂಡಳು. ಎದುರು ಮನೆಯ ಸುಬ್ಬಮ್ಮ ಈ ಸಲ ಮೊಮ್ಮಗನನ್ನು ಒಳಗೆ ಎತ್ತಿಕೊಂಡು ಹೋಗಲಿಲ್ಲ. ಕಾರಿನಲ್ಲಿ ಒಂದು ಸುತ್ತು ಹಾಕಿಸುತ್ತೀಯಾ ಎಂದು ಕೇಳಿದಳು.

ಗೃಹಪ್ರವೇಶದ ದಿನ ಗಂಗಾಂಬಿಕೆ ಧಾರೆ ಸೀರೆ ಉಟ್ಟಳು. ಸೀರೆಗೂ ಲೈಸೆನ್ಸಿಗೂ ಒಂದೇ ನುಸಿಗುಳಿಗೆಯ ಪರಿಮಳ. ಪಕ್ಕದ ಸೀಟಿನಲ್ಲಿ ಗುರುಸಿದ್ದಮ್ಮ, ಹಿಂದೆ ಸಿದ್ದೇಶ್ವರ. ಹೊಳೆನರಸೀಪುರದ ಪೇಟೆಯಲ್ಲಿ ಎತ್ತಿನಗಾಡಿ, ಟೆಂಪೋ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಅವಳು ಸೂಜಿಗೆ ದಾರ ಪೋಣಿಸಿದ ಹಾಗೆ ಕಾರು ದಾಟಿಸಿದಳು. ಚನ್ನರಾಯಪಟ್ಟಣದಲ್ಲಿ ತಮ್ಮನ ಬೀದಿಗೆ ತಿರುಗಿದಾಗ ಶಾಮಿಯಾನ ಅರ್ಧ ಬೀದಿ ತಿಂದಿತ್ತು, ನೀರಿನ ಟ್ಯಾಂಕರು ಮತ್ತು ಅಡುಗೆಯವರ ಟೆಂಪೋ ಉಳಿದರ್ಧ ತಿಂದಿದ್ದವು. ನಡುವೆ ಒಂದು ಕಾರಿನಷ್ಟು ಜಾಗ. ಗಂಗಾಂಬಿಕೆ ಕನ್ನಡಿ ನೋಡಿದಳು, ಹಿಂದಕ್ಕೆ ಗೇರ್ ಹಾಕಿದಳು, ಒಂದೇ ಏಟಿಗೆ ಆ ಸಂದಿನೊಳಗೆ ಕಾರನ್ನು ಡಬ್ಬಿಗೆ ಮುಚ್ಚಳ ಹಾಕಿದಂತೆ ಕೂರಿಸಿದಳು. ಬಾಣಲೆಯ ಮುಂದೆ ಕೂತಿದ್ದ ಅಡುಗೆಭಟ್ಟ ಜಾಲರಿ ಎತ್ತಿ ಹಿಡಿದವನು ಹಾಗೆಯೇ ನೋಡುತ್ತಾ ಉಳಿದ. ಆಮೇಲೆ ಅವಳು ಹಾರ್ನ್ ಹೊಡೆದಳು. ಒಂದೇ ಸಲ, ಆದರೆ ಉದ್ದವಾಗಿ. ನಾಲ್ಕು ವರ್ಷದ ಹಾರ್ನು ಅದು.

ಸರ್ವಮಂಗಳೆ ಹೊಸ್ತಿಲಲ್ಲಿ ಬಾಯಿ ತೆರೆದು ನಿಂತಿದ್ದಳು. ಗಂಗಾಂಬಿಕೆ ಕಾರಿನಿಂದ ಇಳಿದು, ಸೆರಗು ಕೊಡವಿ, ಕೀಯನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ ಹೇಳಿದಳು: “ಫ್ರೇಮ್ ಹಾಕ್ಸೋಕೆ ಆಗ್ಲಿಲ್ಲ ಸರ್ವಮ್ಮ. ಲೈಸೆನ್ಸು ಕೆಲಸದಲ್ಲಿದೆ.”

ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಹಿಂದಿನ ಸೀಟಿನಿಂದ ಸಿದ್ದೇಶ್ವರನೂ ಇಳಿದಿದ್ದ. ಕೈಯಲ್ಲಿ ಸ್ಟೀರಿಂಗ್ ಇಲ್ಲದವನಿಗೆ ಬಾಯಿ ಬಿಡುವಾಗಿತ್ತು. ಶಾಮಿಯಾನದ ಕೆಳಗೆ ಕೂತು ಕಂಡಕಂಡವರಿಗೆಲ್ಲ ಹೇಳತೊಡಗಿದ: “ನಮ್ಮನೆಯವಳಿಗೆ ತೊಂಬತ್ತಾರು! ಕಂಪನಿಯವ್ರೇ ಬೆರಗಾಗವ್ರೆ. ಅವಳು ಓಡಿಸಿದ್ರೆ ತುಂಬಿದ ಮಜ್ಜಿಗೆ ಲೋಟ ತುಳುಕಲ್ಲ ಕಣಪ್ಪಾ.” ಅವನ ದನಿಯಲ್ಲಿ ಇದ್ದದ್ದು ಹೆಮ್ಮೆಯೋ ಸೇಡೋ ಗಂಗಾಂಬಿಕೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾಗುವಷ್ಟು ಪುರುಸೊತ್ತು ಅವಳಿಗೆ ಸಿಗಲೇ ಇಲ್ಲ.

“ಅತ್ತಿಗೆ,” ಎಂದು ಸರ್ವಮಂಗಳೆ ಓಡಿ ಬಂದಳು, “ಮಠದಿಂದ ಅಯ್ನೋರನ್ನ ಕರ್ಕಂಡು ಬರ್ಬೇಕು. ನಿಮ್ಮ ತಮ್ಮ ಓಡ್ಸಿದ್ರೆ ಅವ್ರಿಗೆ ತಲೆ ಸುತ್ತುತ್ತಂತೆ. ನಿಮಗೆ ಹೆಂಗೂ ತೊಂಬತ್ತಾರಲ್ವಾ!”

ಅಯ್ಯನವರನ್ನು ತಂದಳು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಂಡಿನೋವಿನ ಪುಟ್ಟತಾಯಮ್ಮತ್ತೆ ಬಂದು ನಿಂತಿದ್ದಳು. ಅವಳನ್ನು ತಂದಳು. ಆಮೇಲೆ ಹೂವು, ಆಮೇಲೆ ಸಾಲದೆ ಬಂದ ಬಾಳೆಲೆ. ಮೊಸರಿನ ಕ್ಯಾನು ಬಂದಾಗ, “ತುಳುಕಬಾರ್ದು, ಅದಕ್ಕೆ ನೀವೇ ಆಗ್ಬೇಕು” ಎಂದು ಅಡುಗೆಭಟ್ಟನೇ ಬಂದು ಕೇಳಿದ. ಹಾಲು ಉಕ್ಕಿಸುವಾಗ ಅವಳು ಬಸ್ ಸ್ಟ್ಯಾಂಡಿನಲ್ಲಿದ್ದಳು. ಮೊದಲ ಪಂಕ್ತಿ ಕೂತಾಗ ಹೂವಿನ ಮಾರ್ಕೆಟ್ಟಿನಲ್ಲಿದ್ದಳು. ಎರಡನೆಯ ಪಂಕ್ತಿ ಏಳುವಾಗ ಬೀಗರನ್ನು ಬಿಟ್ಟು ಬರಲು ಹೋಗಿದ್ದಳು. ಸೋತ ಸಿದ್ದೇಶ್ವರ ಎರಡೂ ಪಂಕ್ತಿಯಲ್ಲಿ ಕೂತಿದ್ದ.

ಕೊನೆಗೆ ಅವನೇ ಮುತ್ತುಗದೆಲೆಯಲ್ಲಿ ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಸುರಿದು, ಕಾರಿನ ಕಿಟಕಿಗೆ ತಂದು ಕೊಟ್ಟ. “ಇಲ್ಲೇ ಕೂತು ತಿನ್ನು. ಇಳಿದ್ರೆ ಇನ್ಯಾರಾದ್ರೂ ಹಿಡ್ಕಂಡಾರು.” ಗಂಗಾಂಬಿಕೆ ಸ್ಟೀರಿಂಗ್ ಮುಂದೆ ಕೂತು ಒಬ್ಬಟ್ಟು ತಿಂದಳು. ಬೆನ್ನು ನೋಯುತ್ತಿತ್ತು, ಒಬ್ಬಟ್ಟು ತಣ್ಣಗಾಗಿತ್ತು, ಆದರೂ ಈ ಸೀಟಿನಲ್ಲಿ ಕೂತು ತಿಂದ ರುಚಿಯೇ ಬೇರೆ ಎಂದು ಅವಳಿಗೆ ಅನ್ನಿಸಿತು. ಅವನು ಹಿಂದೆ ಹತ್ತಿ ಬಾಗಿಲು ಹಾಕಿಕೊಂಡು ಮುಂದಕ್ಕೆ ಬಾಗಿದ.

“ಆ ಪೊಲೀಸಿನವ್ನು ಹೇಳಿದ್ದು ದಿಟ ಕಣೇ. ಗಾಡಿ ಎಡಗಡೆ ನಿಲ್ಸಿ, ಇಳಿದು ಮುಗೀಬೇಕು. ಇಷ್ಟು ದಿನ ನಿಲ್ಸೋಕೆ ಪುರುಸೊತ್ತಿರಲಿಲ್ಲ. ಈಗ ನಿಲ್ಸೋಕೆ ನೀನಿದೀಯಲ್ಲ!”

ಅವನ ತೊಡೆಯ ಮೇಲೆ ಒಂದು ಚೀಲ ತೆಂಗಿನಕಾಯಿ ಇತ್ತು.

ಚನ್ನರಾಯಪಟ್ಟಣದಿಂದ ಅರಕಲಗೂಡಿಗೆ ಅಂದು ಅವರು ಬಂದ ಬಗೆಯನ್ನು ಏನೆಂದು ಹೇಳಲಿ! ಗುಡಿ ಕಂಡಲ್ಲೆಲ್ಲ ಎಡಗಡೆ ಇಂಡಿಕೇಟರ್, ಕನ್ನಡಿ, ನಯವಾಗಿ ಬ್ರೇಕು, ನಿಲುಗಡೆ. ಸಿದ್ದೇಶ್ವರ ಇಳಿದು ಚಪ್ಪಲಿ ಬಿಟ್ಟು, ಕಾಯಿ ಒಡೆದು, ಪ್ರದಕ್ಷಿಣೆ ಹಾಕಿ, ತೀರ್ಥ ತಗೊಂಡು, ಗುಡಿಯವರೊಡನೆ ಮಳೆ ಬೆಳೆ ಮಾತಾಡಿ, ಪ್ರಸಾದ ತಂದು ಹೆಂಡತಿಗೂ ಕೊಡುತ್ತಿದ್ದ. ಎದೆಯ ಮೇಲಿನ ದೇವರ ಮಾತು ನೆನಪಿಸಬೇಕಾಗಿದ್ದ ಗುರುಸಿದ್ದಮ್ಮ ಒಬ್ಬಟ್ಟಿನ ಮಂಪರಿನಲ್ಲಿ ಬಾಯಿ ತೆರೆದು ಮಲಗಿತ್ತು. ಆ್ಯಪು ಮಾತ್ರ ಪ್ರತಿ ಸಲವೂ ‘ಅತ್ಯುತ್ತಮ ನಿಲುಗಡೆ’ ಎಂದು ಹಸಿರು ದೀಪ ಹಾಕಿ ಅವಳನ್ನು ಹುರಿದುಂಬಿಸುತ್ತಿತ್ತು.

ಹೊಳೆನರಸೀಪುರ ದಾಟಿದ ಮೇಲೊಂದು ಗುಡಿಯ ಮುಂದೆ ಅವಳು ಕಾಯುತ್ತಾ ಕೂತಿದ್ದಾಗ, ಸೊಪ್ಪಿನ ಹೊರೆ ಹೊತ್ತ ಮುದುಕಿಯೊಬ್ಬಳು ಕಿಟಕಿಯೊಳಗೆ ಇಣುಕಿದಳು.

“ಬಾಡಿಗೆ ಗಾಡೀನೇನವ್ವಾ? ಅಳ್ಳಿಮೈಸೂರ್ಗೆ ಎಷ್ಟು ತಗತೀಯೆ?”

“ಬಾಡಿಗೇದಲ್ಲಮ್ಮ. ನಂದೇ ಗಾಡಿ” ಎಂದಳು ಗಂಗಾಂಬಿಕೆ, ಬೆನ್ನು ನೆಟ್ಟಗೆ ಮಾಡಿಕೊಂಡು.

“ಮತ್ತೆ ಅಲ್ಲಿ ಕಾಯಿ ಒಡೀತಾವ್ರಲ್ಲ, ಆ ಸಾವ್ಕಾರ್ರು?”

ಗಂಗಾಂಬಿಕೆ ಗುಡಿಯ ಕಡೆ ನೋಡಿದಳು. ಸಿದ್ದೇಶ್ವರ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಚಲನ್ನಿನ ಫೋಟೋದಲ್ಲಿದ್ದ ಅದೇ ಶಾಂತಿಯಲ್ಲಿ ನಿಂತಿದ್ದ. ಈ ಸಲ ಯಾವ ಕ್ಯಾಮೆರಾದ ಭಯವೂ ಇಲ್ಲ, ಹಿಂದೆ ಯಾವ ಹಾಲಿನ ವ್ಯಾನೂ ಇಲ್ಲ.

“ಅವರಾ? ಜನ್ಮಪೂರ್ತಿ ಪಾಸ್ ಮಾಡ್ಸಿಕೊಂಡಿರೋ ಪ್ಯಾಸೆಂಜರ್ರು. ನೀನೂ ಹತ್ತಮ್ಮ, ಹಳ್ಳಿಮೈಸೂರಲ್ಲಿ ಬಿಡ್ತೀನಿ.”

ಮುದುಕಿ ಸೊಪ್ಪಿನ ಹೊರೆಯ ಸಮೇತ ಹತ್ತಿದಳು. ಸಿದ್ದೇಶ್ವರ ಬಂದು ಅವಳ ಪಕ್ಕ ಒತ್ತರಿಸಿ ಕೂತ. ಗಂಗಾಂಬಿಕೆ ಕನ್ನಡಿ ನೋಡಿ, ಬಲಗಡೆ ಇಂಡಿಕೇಟರ್ ಹಾಕಿ, ರಸ್ತೆಗೆ ಇಳಿದು, ಎರಡನೆಯ ಗೇರಿಗೆ ಬರುವಷ್ಟರಲ್ಲಿ ಮುದುಕಿ ಮುಂದಿನ ತಿರುವಿನತ್ತ ಕೈ ತೋರಿಸಿ, “ಅಲ್ಲೊಂದು ನಮ್ಮ ಲಕ್ಕಮ್ಮನ ಗುಡಿ ಅದೆ, ಒಂದ್ಗಳಿಗೆ ನಿಲ್ಸವ್ವ” ಎಂದಳು. ಗಂಗಾಂಬಿಕೆ ಎಡಗಡೆ ಇಂಡಿಕೇಟರ್ ಹಾಕಿದಳು.